ಮೀಟರಿನಲ್ಲಿ 1,16,300

ಒಂದೇ ವಾರದೊಳಗೆ ನಾನು ಎರಡು ಬೈಕುಗಳನ್ನು ನೋಡಿದೆ. ಎರಡೂ ಒಂದೇ ಕಂಪನಿಯ ಒಂದೇ ಮಾದರಿಯವು, ಒಂದೇ ವರ್ಷ ತಯಾರಾದವು: ನೀರಿನಿಂದ ತಣಿಯುವ ನಾಲ್ಕು ಸಿಲಿಂಡರಿನ ಎಂಜಿನ್, ಹಿಂಚಕ್ರವನ್ನು ತಿರುಗಿಸಲು ಚೈನಿನ ಬದಲು ಶಾಫ್ಟು ಎಂಬ ಉಕ್ಕಿನ ದಂಡ, ಎರಡೂ ಪಕ್ಕಕ್ಕೆ ಬೀಗವಿರುವ ಗಟ್ಟಿ ಪೆಟ್ಟಿಗೆಗಳು, ಮುಂದೆ ಎತ್ತರದ ವಿಂಡ್‌ಶೀಲ್ಡ್. ದಿನಕ್ಕೆ ಐನೂರು ಕಿಲೋಮೀಟರ್ ಹೋಗಿ ಇಳಿದಾಗಲೂ ಬೆನ್ನು ನೆಟ್ಟಗಿರಲಿ ಎಂದು ಮಾಡಿದ ಗಾಡಿಗಳು. ಎರಡಕ್ಕೂ ಹದಿನಾಲ್ಕು ವರ್ಷ ವಯಸ್ಸು. ಒಂದರ ಓಡೋಮೀಟರಿನಲ್ಲಿ 22,400 ಕಿಲೋಮೀಟರ್ ಇತ್ತು, ಇನ್ನೊಂದರಲ್ಲಿ 1,16,300. ಮೊದಲನೆಯದಕ್ಕೆ ಕೇಳಿದ ಬೆಲೆ ಎರಡನೆಯದರ ಎರಡು ಪಟ್ಟಿಗಿಂತ ತುಸು ಹೆಚ್ಚು. ನನ್ನ ಬಳಿ ಇದ್ದ ಹಣ ಮೊದಲನೆಯದಕ್ಕೆ ಹೇಗೋ ಸಾಲುವಂತಿತ್ತು. ಹೊಸ ಟೂರಿಂಗ್ ಬೈಕಿನ ಮಾತು ನನ್ನ ಲೆಕ್ಕದಲ್ಲಿ ಎಂದೂ ಇರಲಿಲ್ಲ. ನೋಡಲು ಹೊರಡುವ ಹಿಂದಿನ ರಾತ್ರಿ ಯಾರಾದರೂ ಕೇಳಿದ್ದರೆ, ಕೈ ಬಿಗಿಯಾದರೂ ಸರಿ, ಕಡಿಮೆ ಓಡಿದ್ದನ್ನೇ ತರುತ್ತೇನೆ, ಲಕ್ಷ ದಾಟಿದ್ದನ್ನು ಹೋಲಿಕೆಗೆಂದು ಸುಮ್ಮನೆ ನೋಡಿ ಬರುತ್ತೇನೆ ಎಂದು ಹೇಳಿರುತ್ತಿದ್ದೆ.

ಕಡಿಮೆ ಓಡಿದ ಬೈಕು ನಿಜಕ್ಕೂ ಹೊಳೆಯುತ್ತಿತ್ತು. ಬಣ್ಣದ ಮೇಲೆ ಗೀರಿರಲಿಲ್ಲ, ಸೀಟಿನ ಹೊಲಿಗೆ ಬಿಟ್ಟಿರಲಿಲ್ಲ, ಪಕ್ಕದ ಪೆಟ್ಟಿಗೆಗಳೊಳಗೆ ಹೊಸ ಪ್ಲಾಸ್ಟಿಕ್ಕಿನ ವಾಸನೆ ಇನ್ನೂ ಉಳಿದಿದೆಯೇನೋ ಎನ್ನಿಸುವಂತಿತ್ತು. ನಾನು ಹೋಗುವಷ್ಟರಲ್ಲಿ ಮಾರುವವರು ಅದನ್ನು ಹೊರಗೆ ತಂದು ನಿಲ್ಲಿಸಿದ್ದರು. ಎಂಜಿನ್ನಿನ ಪಕ್ಕಕ್ಕೆ ಅಂಗೈ ಒಯ್ದಾಗ ಬಿಸಿ ತಾಗಿತು. ಹಳೆಯ ಬೈಕು ನೋಡಲು ಹೋಗುವವರು ಮಾರುವವರಲ್ಲಿ ಮೊದಲೇ ಕೇಳಿಕೊಳ್ಳಬೇಕಾದ ಉಪಕಾರ ಒಂದಿದ್ದರೆ ಅದು, ನಾನು ಬರುವವರೆಗೆ ದಯವಿಟ್ಟು ಎಂಜಿನ್ ಸ್ಟಾರ್ಟ್ ಮಾಡಬೇಡಿ ಎನ್ನುವುದು. ತಣ್ಣಗಿರುವ ಎಂಜಿನ್ ತನ್ನ ಬಗ್ಗೆ ಹೇಳಬೇಕಾದ್ದರಲ್ಲಿ ಬಹುಪಾಲನ್ನು ಮೊದಲ ಒಂದು ನಿಮಿಷದಲ್ಲೇ ಹೇಳಿಬಿಡುತ್ತದೆ: ಸ್ಟಾರ್ಟರ್ ಎಷ್ಟು ಹೊತ್ತು ತಿರುಗಬೇಕಾಯಿತು, ಸೈಲೆನ್ಸರಿನಿಂದ ನೀಲಿ ಹೊಗೆ ಬಂತೇ, ಆಯಿಲ್ ಒತ್ತಡ ಏರುವವರೆಗೆ ಕ್ಯಾಮ್ ಚೈನು (ವಾಲ್ವುಗಳನ್ನು ತೆರೆಯುವ ಕ್ಯಾಮ್ ದಂಡವನ್ನು ತಿರುಗಿಸುವ ಚೈನು) ಗಲಗಲ ಸದ್ದು ಮಾಡಿತೇ, ಆ ಸದ್ದು ಎರಡು ಕ್ಷಣಕ್ಕೆ ನಿಂತಿತೇ ಅಥವಾ ಮುಂದುವರಿಯಿತೇ. ಬಿಸಿಯಾದ ಎಂಜಿನ್ ಇವುಗಳಲ್ಲಿ ಹೆಚ್ಚಿನದನ್ನು ಮುಚ್ಚಿಡುತ್ತದೆ. ಈ ಮಾತನ್ನು ನಾನು ಹಿಂದಿನ ದಿನ ಫೋನಿನಲ್ಲಿ ಹೇಳಿದ್ದೆ. ಮರೆತುಹೋಯಿತು ಎಂದರು ಅವರು.

ಜೊತೆಗೆ ಕರೆದೊಯ್ದಿದ್ದ ಗೆಳೆಯ ಎಂಜಿನ್ ಕೆಲಸ ಬಲ್ಲವನು, ಮಾತು ಕಡಿಮೆ. ಅವನು ಬಣ್ಣದ ಕಡೆ ನೋಡಲೇ ಇಲ್ಲ. ಹ್ಯಾಂಡಲ್ ಮೇಲಿನ ಬ್ರೇಕ್ ಫ್ಲೂಯಿಡ್ ಡಬ್ಬಿಯ ಪುಟ್ಟ ಗಾಜಿನೊಳಗೆ ಟಾರ್ಚು ಬಿಟ್ಟ; ತಿಳಿಹಳದಿ ಇರಬೇಕಾದ ದ್ರವ ಕಡುಕಂದು ಬಣ್ಣಕ್ಕೆ ತಿರುಗಿತ್ತು. ಈ ದ್ರವ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಗುಣದ್ದು. ಡಾಟ್ 4 ದರ್ಜೆಯ ಹೊಸ ಫ್ಲೂಯಿಡ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ; ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಆದ್ದರಿಂದಲೇ ಬೈಕು ಓಡಲಿ, ಓಡದಿರಲಿ, ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ಇಲ್ಲಿ ಬಹುಶಃ ಒಮ್ಮೆಯೂ ಬದಲಿಸಿರಲಿಲ್ಲ. ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕಂಕಿಯ ಸಂಖ್ಯೆಯಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ; ಆ ಲೆಕ್ಕದಲ್ಲಿ ಟೈರುಗಳಿಗೆ ಹನ್ನೊಂದು ವರ್ಷವಾಗಿತ್ತು, ಗಾಡಿಯ ಭಾರ ಹೊತ್ತ ಜಾಗದಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು. ಮುಂದಿನ ಬ್ರೇಕು ಹಿಡಿದು ಹ್ಯಾಂಡಲನ್ನು ನಾಲ್ಕೈದು ಸಲ ಬಲವಾಗಿ ಒತ್ತಿದಾಗ ಮುಂಚಕ್ರವನ್ನು ಹಿಡಿದಿರುವ ಫೋರ್ಕಿನ ಕೊಳವೆಯ ಸುತ್ತ ಎಣ್ಣೆಯ ತೆಳು ಉಂಗುರವೊಂದು ಮೂಡಿತು: ನಿಂತೂ ನಿಂತೂ ಸೀಲುಗಳು ಒಣಗಿದ್ದವು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದರೆ ಒಳಗೋಡೆಯಲ್ಲಿ ತುಕ್ಕಿನ ಪುಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ನಾನು ಮನಸ್ಸಿನಲ್ಲೇ ಹೇಳಿಕೊಂಡೆ. ಗೆಳೆಯ ಅಷ್ಟನ್ನೂ ಹೇಳಲಿಲ್ಲ, ಟಾರ್ಚು ಆರಿಸಿ ಜೇಬಿಗೆ ಹಾಕಿಕೊಂಡ.

ಆದರೂ ಆ ದಿನ ವಾಪಸು ಬರುವಾಗ ನನ್ನ ಮನಸ್ಸು ಆ ಬೈಕಿನ ಕಡೆಗೇ ವಾಲಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಟೈರು ಬದಲಿಸಬಹುದು, ಸೀಲು ಬದಲಿಸಬಹುದು, ಟ್ಯಾಂಕು ತೊಳೆಸಬಹುದು, ಆದರೆ ಮೀಟರಿನಲ್ಲಿ 22,400 ಎಂಬ ಸಂಖ್ಯೆಯನ್ನು ಎಲ್ಲಿಂದ ತರುವುದು ಎಂದು ನಾನು ವಾದಿಸಿಕೊಳ್ಳುತ್ತಿದ್ದೆ. ಆ ಒಂದು ಸಂಖ್ಯೆಯ ಮುಂದೆ ಕಣ್ಣಾರೆ ಕಂಡ ನಾಲ್ಕು ದೋಷಗಳು ನನಗೆ ಹಗುರವಾಗಿ ತೋರಿದವು. ಸಂಖ್ಯೆಗೆ ಅಂಥದ್ದೊಂದು ಮೋಡಿ ಇದೆ. ಅದನ್ನು ಓದಲು ಎಂಜಿನ್ ಕೆಲಸ ಗೊತ್ತಿರಬೇಕಾಗಿಲ್ಲ, ಯಾರನ್ನೂ ಕೇಳಬೇಕಾಗಿಲ್ಲ, ಎರಡು ಬೈಕುಗಳ ನಡುವೆ ತೀರ್ಪು ಕೊಡಲು ಅರೆಕ್ಷಣ ಸಾಕು.

ಎರಡನೆಯ ಬೈಕಿನ ಒಡೆಯರಿಗೆ ಅರವತ್ತೆಂಟು ವರ್ಷ. ಮೊದಲ ಒಡೆಯರೂ ಅವರೇ. ಬೈಕು ಶೆಡ್ಡಿನೊಳಗೆ ನಡುಸ್ಟ್ಯಾಂಡಿನ ಮೇಲೆ ನಿಂತಿತ್ತು, ಎಂಜಿನ್ ಕಲ್ಲಿನಂತೆ ತಣ್ಣಗಿತ್ತು. ನೋಡಲು ಚೆಂದವೇನೂ ಇರಲಿಲ್ಲ. ಮುಂಭಾಗದ ಬಣ್ಣದ ಮೇಲೆ ಸಣ್ಣ ಕಲ್ಲುಗಳು ಸಿಡಿದ ನೂರಾರು ಚುಕ್ಕೆಗಳು. ಬಲಬದಿಯ ಪೆಟ್ಟಿಗೆಯಲ್ಲಿ ಉದ್ದನೆಯ ಗೀರು. ಸೀಟನ್ನು ಒಮ್ಮೆ ಬಿಚ್ಚಿ ಮತ್ತೆ ಹೊಲಿಸಲಾಗಿತ್ತು. ಕಾಲಿಡುವ ರಬ್ಬರುಗಳು ನುಣುಪಾಗಿ ಸವೆದಿದ್ದವು. ಹಿಂದಿನ ಟೈರು ನಡುವೆ ಚಪ್ಪಟೆಯಾಗಿ, ಅಂಚುಗಳಲ್ಲಿ ಹೆಚ್ಚುಕಡಿಮೆ ಹೊಸದರಂತಿತ್ತು. ನೇರ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡಿದ ಗಾಡಿಗಳ ಟೈರು ಸವೆಯುವುದು ಹಾಗೆಯೇ. ಮಾರುವವರ ಬಾಯಿಗಿಂತ ಟೈರಿನ ಆಕಾರವನ್ನು ನಂಬಬಹುದು ಎಂದು ನನ್ನ ಗೆಳೆಯ ಆಮೇಲೆ ಹೇಳಿದ. ಅವನು ಆ ಇಡೀ ದಿನದಲ್ಲಿ ಆಡಿದ ಅತಿ ಉದ್ದದ ವಾಕ್ಯ ಅದು. ಏಕೆ ಮಾರುತ್ತಿದ್ದೀರಿ ಎಂದು ನಾನು ಕೇಳಿದೆ. “ಓಡಿಸೋದು ನನಗೇನೂ ಕಷ್ಟ ಇಲ್ಲ, ನಿಲ್ಲಿಸೋದು ಕಷ್ಟ,” ಎಂದರು. ಬೈಕಿನ ತೂಕ ಸುಮಾರು 290 ಕಿಲೋ. ಮೊಣಕಾಲಿನ ಆಪರೇಷನ್ ಆದ ಮೇಲೆ ಅದನ್ನು ನಡುಸ್ಟ್ಯಾಂಡಿಗೆ ಏರಿಸುವುದಕ್ಕೆ ಅವರಿಗೆ ಇನ್ನೊಬ್ಬರ ನೆರವು ಬೇಕಾಗುತ್ತಿತ್ತು.

ಆಮೇಲೆ ಅವರು ಒಳಗೆ ಹೋಗಿ ಒಂದು ನೋಟ್‌ಬುಕ್ ತಂದರು. ಹದಿನಾಲ್ಕು ವರ್ಷಗಳ ಪೆಟ್ರೋಲ್ ಲೆಕ್ಕ. ತಾರೀಕು, ಮೀಟರ್ ರೀಡಿಂಗ್, ಎಷ್ಟು ಲೀಟರ್, ಲೀಟರಿಗೆ ಎಷ್ಟು ಕಿಲೋಮೀಟರ್. ಪಕ್ಕದಲ್ಲಿ ಕೆಲವೊಮ್ಮೆ ಎರಡು ಪದದ ಟಿಪ್ಪಣಿ. ಮುನ್ನೂರಕ್ಕೂ ಹೆಚ್ಚು ಸಾಲುಗಳು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತು ಓದತೊಡಗಿದೆ. ಮೊದಲ ಪುಟಗಳಲ್ಲಿ ಲೀಟರಿಗೆ 18.2 ಇದ್ದದ್ದು ಕೊನೆಯ ಪುಟಗಳಲ್ಲಿ 17.8. ನಡುವಿನ ಲಕ್ಷಕ್ಕೂ ಹೆಚ್ಚು ಕಿಲೋಮೀಟರಿನಲ್ಲಿ ಎಂಜಿನ್ನಿನ ಹಸಿವು ಹೆಚ್ಚಿದ್ದು ಅಷ್ಟೇ. ಕಂಪ್ರೆಷನ್ ಬಿದ್ದ ಎಂಜಿನ್, ಸೋರುವ ಇಂಜೆಕ್ಟರ್, ಕೆಟ್ಟ ಸೆನ್ಸರ್ ಇವೆಲ್ಲ ಮೊದಲು ಕಾಣಿಸಿಕೊಳ್ಳುವುದು ಪೆಟ್ರೋಲ್ ಲೆಕ್ಕದಲ್ಲೇ. ಸರ್ವಿಸ್ ಬುಕ್ಕಿಗೆ ಯಾರು ಬೇಕಾದರೂ ಮೊಹರು ಒತ್ತಿಸಬಹುದು, ಮುನ್ನೂರು ಸಾಲುಗಳ ಪೆಟ್ರೋಲ್ ಲೆಕ್ಕವನ್ನು ಸುಳ್ಳೇ ಸೃಷ್ಟಿಸುವಷ್ಟು ಪುರುಸೊತ್ತು ಯಾರಿಗೂ ಇರಲಾರದು. 84,000ದ ಹತ್ತಿರ ಒಂದು ಕಡೆ ನಾಲ್ಕು ಸಾಲುಗಳಲ್ಲಿ ಲೆಕ್ಕ 16ಕ್ಕೆ ಇಳಿದಿತ್ತು. ಐದನೆಯ ಸಾಲಿನ ಪಕ್ಕದಲ್ಲಿ “ಹಿಂದಿನ ಬ್ರೇಕು ಹಿಡಿದಿತ್ತು, ಸರಿ ಮಾಡಿಸಿದೆ” ಎಂದಿತ್ತು. ಆರನೆಯ ಸಾಲಿನಿಂದ ಮತ್ತೆ 18. ಕ್ಯಾಲಿಪರಿನ ಪಿಸ್ಟನ್ ಪೂರ್ತಿ ಹಿಂದೆ ಸರಿಯದೆ ಪ್ಯಾಡು ಡಿಸ್ಕಿಗೆ ಉಜ್ಜುತ್ತಿದ್ದದ್ದನ್ನು ಅವರು ಪೆಟ್ರೋಲಿನ ಅಂಕಿಯಿಂದ ಪತ್ತೆಹಚ್ಚಿದ್ದರು. ಅಂಥ ಮನುಷ್ಯನ ಕೈಯಲ್ಲಿದ್ದ ಗಾಡಿ ಇದು ಎಂಬುದು ನನ್ನ ಮಟ್ಟಿಗೆ ಮೀಟರಿನ ಸಂಖ್ಯೆಗಿಂತ ದೊಡ್ಡ ಸುದ್ದಿಯಾಗಿತ್ತು.

ಮನೆಗೆ ಬಂದು ಲೆಕ್ಕ ಹಾಕಿದೆ. ಮೊದಲ ಬೈಕು ಹದಿನಾಲ್ಕು ವರ್ಷದಲ್ಲಿ 22,400 ಎಂದರೆ ವರ್ಷಕ್ಕೆ 1,600. ಅಂಥ ಓಟ ಸಾಮಾನ್ಯವಾಗಿ ಊರೊಳಗಿನ ಸಣ್ಣ ಓಡಾಟ. ಸರಾಸರಿ ವೇಗ ಗಂಟೆಗೆ 25 ಎಂದಿಟ್ಟುಕೊಂಡರೆ ಎಂಜಿನ್ ತಿರುಗಿದ್ದು ಸುಮಾರು 900 ಗಂಟೆ. ಎರಡನೆಯದರ ಸರಾಸರಿ 65 ಎಂದುಕೊಂಡರೆ ಸುಮಾರು 1,800 ಗಂಟೆ. ದೂರದಲ್ಲಿ ಐದು ಪಟ್ಟು ಅಂತರವಿದ್ದದ್ದು ಗಂಟೆಗಳಲ್ಲಿ ಎರಡೇ ಪಟ್ಟಿಗೆ ಇಳಿಯಿತು. ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯವಾದದ್ದು. ಒಂದೊಂದು ಓಟ ಎಂಟು ಕಿಲೋಮೀಟರಿನದಾದರೆ 22,400ಕ್ಕೆ ಎಂಜಿನ್ 2,800 ಸಲ ಸ್ಟಾರ್ಟ್ ಆಗಿರಬೇಕು. ಒಂದೊಂದು ಓಟ 180 ಕಿಲೋಮೀಟರಿನದಾದರೆ 1,16,300ಕ್ಕೆ ಸುಮಾರು 650 ಸಲ ಸಾಕು. ಎಂಜಿನ್ನಿನ ಸವೆತದಲ್ಲಿ ದೊಡ್ಡ ಪಾಲು ತಣ್ಣಗಿದ್ದಾಗಿನ ಈ ಸ್ಟಾರ್ಟ್‌ಗಳದ್ದು. ಆಯಿಲ್ ಎಲ್ಲ ಕಡೆ ತಲುಪಿರುವುದಿಲ್ಲ, ಪಿಸ್ಟನ್ನು ತನ್ನ ಸರಿಯಾದ ಗಾತ್ರಕ್ಕೆ ಹಿಗ್ಗಿರುವುದಿಲ್ಲ, ಹೆಚ್ಚಾಗಿ ಬಿಟ್ಟ ಪೆಟ್ರೋಲು ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆಯುತ್ತಿರುತ್ತದೆ. ಎಂಟೇ ಕಿಲೋಮೀಟರಿಗೆ ಎಂಜಿನ್ ಆರಿಸಿದರೆ ಒಳಗೆ ಸೇರಿದ ನೀರಾವಿ ಮತ್ತು ಉರಿಯದ ಪೆಟ್ರೋಲು ಆವಿಯಾಗಿ ಹೊರಹೋಗುವಷ್ಟು ಆಯಿಲ್ ಬಿಸಿಯಾಗುವುದೇ ಇಲ್ಲ, ಅವು ಅಲ್ಲೇ ಉಳಿದು ಆಮ್ಲವಾಗುತ್ತವೆ. ಹೆದ್ದಾರಿಯಲ್ಲಿ ಟಾಪ್ ಗೇರಿನಲ್ಲಿ ಒಂದೇ ಹದದಲ್ಲಿ ನಾಲ್ಕು ಗಂಟೆ ಓಡುವ ಎಂಜಿನ್ನಿಗೆ ಈ ಯಾವ ಕಷ್ಟವೂ ಇಲ್ಲ. ಕ್ಲಚ್ಚು ಹಿಡಿಯುವುದೂ ಕಡಿಮೆ, ಗೇರು ಬದಲಿಸುವುದೂ ಕಡಿಮೆ. ಈ ಅಂದಾಜುಗಳಲ್ಲಿ ತಪ್ಪಿರಬಹುದು, ಆದರೆ ಅರ್ಧಕ್ಕರ್ಧ ತಪ್ಪಿದ್ದರೂ ತೀರ್ಮಾನ ಬದಲಾಗುವುದಿಲ್ಲ.

ಟೂರಿಂಗ್ ಬೈಕುಗಳ ಎಂಜಿನ್ನನ್ನು ಕಟ್ಟುವ ರೀತಿಯೂ ಇದಕ್ಕೆ ಕೂಡಿಬರುತ್ತದೆ. ಹೋಂಡಾ ಗೋಲ್ಡ್ ವಿಂಗ್‌ನ 2001ರ ಮಾದರಿಯನ್ನು ನೋಡಿ: ಆರು ಸಿಲಿಂಡರು, 1,832 ಸಿಸಿ, ಅದರಿಂದ ತೆಗೆಯುವ ಶಕ್ತಿ ಸುಮಾರು 118 ಅಶ್ವಶಕ್ತಿ, ಅದೂ ನಿಮಿಷಕ್ಕೆ 5,500 ಸುತ್ತಿನಲ್ಲಿ. ಎಂಜಿನ್ನಿನ ಗಾತ್ರದ ಒಂದೊಂದು ಲೀಟರಿಗೆ, ಅಂದರೆ ಸಾವಿರ ಸಿಸಿಗೆ, ಇದು 65 ಅಶ್ವಶಕ್ತಿಗೂ ಕಡಿಮೆ. ಇಂದಿನ ಸಾವಿರ ಸಿಸಿಯ ಸ್ಪೋರ್ಟ್ಸ್ ಬೈಕುಗಳು ಅದಕ್ಕಿಂತ ಮೂರು ಪಟ್ಟು ಶಕ್ತಿಯನ್ನು ಎರಡು ಪಟ್ಟಿಗೂ ಮೀರಿದ ಸುತ್ತುಗಳಲ್ಲಿ ಹಿಂಡಿ ತೆಗೆಯುತ್ತವೆ. ದೊಡ್ಡ ಎತ್ತಿಗೆ ಸಣ್ಣ ಹೊರೆ ಕಟ್ಟಿದಂತೆ ಟೂರಿಂಗ್ ಬೈಕಿನ ಕೆಲಸ. ಅರ್ಜೆಂಟೀನಾದ ಎಮಿಲಿಯೊ ಸ್ಕಾಟ್ಟೊ 1980ರ ಗೋಲ್ಡ್ ವಿಂಗ್ ಜಿಎಲ್1100 ಏರಿ 1985ರ ಜನವರಿಯಲ್ಲಿ ಹೊರಟು 1995ರ ಏಪ್ರಿಲ್‌ನಲ್ಲಿ ಮರಳುವ ಹೊತ್ತಿಗೆ ಸುಮಾರು 7,35,000 ಕಿಲೋಮೀಟರ್ ಓಡಿಸಿದ್ದರು. ಹೆಚ್ಚು ಓಡಿದ ಬೈಕು ಮಾರುವವರೆಲ್ಲ ಇಂಥ ಕಥೆಯೊಂದನ್ನು ಜೇಬಿನಲ್ಲಿಟ್ಟುಕೊಂಡಿರುತ್ತಾರೆ. ನನ್ನ ಮಟ್ಟಿಗೆ ಆ ಕಥೆಗಳನ್ನು ಗೌರವದಿಂದ ಕೇಳಿ ಪಕ್ಕಕ್ಕಿಡುವುದು ಒಳ್ಳೆಯದು. ಏಳು ಲಕ್ಷ ಓಡಬಲ್ಲ ಎಂಜಿನ್ ಒಂದಿತ್ತು ಎಂಬುದರಿಂದ ನನ್ನೆದುರಿಗಿರುವ ಎಂಜಿನ್ನಿಗೆ ಹಿಂದಿನ ವರ್ಷ ಆಯಿಲ್ ಬದಲಿಸಿದ್ದರೇ ಎಂಬುದು ತಿಳಿಯುವುದಿಲ್ಲ.

ಹಾಗೆಂದು ಕಿಲೋಮೀಟರು ಬರೀ ಅಂಕಿ, ಅದಕ್ಕೆ ಬೆಲೆಯೇ ಇಲ್ಲ ಎನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ಓಟ ತನ್ನ ಪಾಲನ್ನು ತೆಗೆದುಕೊಂಡೇ ತೀರುತ್ತದೆ. ಎಲ್ಲಿಂದ ತೆಗೆದುಕೊಳ್ಳುತ್ತದೆ ಎಂಬುದು ಗೊತ್ತಿರಬೇಕು. ನಾವು ಎರಡನೆಯ ಬೈಕಿನ ಮುಂಚಕ್ರವನ್ನು ನೆಲದಿಂದ ಎತ್ತಿ ಹ್ಯಾಂಡಲನ್ನು ಬೆರಳ ತುದಿಯಿಂದ ನಿಧಾನವಾಗಿ ಎಡಕ್ಕೂ ಬಲಕ್ಕೂ ತಿರುಗಿಸಿದಾಗ, ನಟ್ಟನಡುವೆ ಬರುತ್ತಲೇ ಅದು ಗುಂಡಿಯೊಂದಕ್ಕೆ ಇಳಿದಂತೆ ಕೂತುಕೊಂಡಿತು. ವರ್ಷಗಟ್ಟಲೆ ನೇರವಾಗಿ ಓಡುವಾಗ ಸ್ಟೀರಿಂಗ್ ಬೇರಿಂಗಿನ ಗುಂಡುಗಳು ಒಂದೇ ಜಾಗದಲ್ಲಿ ಬಡಿದು ಬಡಿದು ಅಲ್ಲಿ ತಗ್ಗು ಮಾಡಿರುತ್ತವೆ. ಬೇರಿಂಗು ಹೊಸದೇ ಹಾಕಬೇಕು, ಬೇರೆ ದಾರಿಯಿಲ್ಲ. ಹಿಂದಿನ ಶಾಕ್ ಅಬ್ಸಾರ್ಬರ್ ಒತ್ತಿದರೆ ಮೆತ್ತಗೆ ಕೆಳಗಿಳಿದು ಎರಡು ಸಲ ಕುಣಿಯಿತು. ಒಳಗಿನ ಎಣ್ಣೆ ತನ್ನ ಕೆಲಸ ಬಿಟ್ಟು ಬಹಳ ಕಾಲವಾಗಿತ್ತು, ದಿನವೂ ಸವಾರಿ ಮಾಡುವವರಿಗೆ ಆ ಇಳಿತ ಗೊತ್ತಾಗುವುದೇ ಇಲ್ಲ. ಡಿಸ್ಕಿನ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಡಿಸ್ಕಿನ ಮೇಲೆಯೇ ಕೊರೆದಿರುತ್ತದೆ, ಗೆಳೆಯ ಅಳೆದು ನೋಡಿದ, ಮುಂದಿನವೆರಡೂ ಆ ಅಂಚಿಗೆ ಬಂದಿದ್ದವು. ಮಾದರಿಗೆ ತಕ್ಕಂತೆ ಈ ಪಟ್ಟಿ ಬದಲಾಗುತ್ತದೆ. 1975ರಲ್ಲಿ ಶುರುವಾದ ಗೋಲ್ಡ್ ವಿಂಗ್‌ಗಳಲ್ಲಿ 2000ದವರೆಗೂ ಕ್ಯಾಮ್ ತಿರುಗಿಸುತ್ತಿದ್ದದ್ದು ರಬ್ಬರಿನ ಬೆಲ್ಟು, ಅದಕ್ಕೆ ಕಿಲೋಮೀಟರಿನ ಜೊತೆಗೆ ವಯಸ್ಸಿನ ಮಿತಿಯೂ ಉಂಟು. 2001ರಿಂದ ಅಲ್ಲಿ ಚೈನು ಬಂತು. ಹಾರ್ಲೆ-ಡೇವಿಡ್‌ಸನ್ 1999ರಲ್ಲಿ ತಂದ ಟ್ವಿನ್ ಕ್ಯಾಮ್ ಎಂಜಿನ್ನಿನ ಮೊದಲ ವರ್ಷಗಳಲ್ಲಿ ಕ್ಯಾಮ್ ಚೈನನ್ನು ಸ್ಪ್ರಿಂಗಿನಿಂದ ಒತ್ತಿಹಿಡಿಯುತ್ತಿದ್ದ ಪ್ಲಾಸ್ಟಿಕ್ ತುಂಡು ಸವೆದು ಪುಡಿಯಾಗುತ್ತಿತ್ತು, ಮುಂದೆ ಅದರ ಜಾಗಕ್ಕೆ ಆಯಿಲ್ ಒತ್ತಡದಿಂದ ಕೆಲಸ ಮಾಡುವ ವ್ಯವಸ್ಥೆ ಬಂತು. ಕೊಳ್ಳಲಿರುವ ಮಾದರಿಯ ಇಂಥ ಒಂದೆರಡು ದೌರ್ಬಲ್ಯಗಳನ್ನು ತಿಳಿದುಕೊಂಡು ಹೋಗುವುದು, ಸಾಮಾನ್ಯ ಸೂಚನೆಗಳ ಉದ್ದ ಪಟ್ಟಿ ಹಿಡಿದು ಹೋಗುವುದಕ್ಕಿಂತ ಹೆಚ್ಚು ಉಪಯುಕ್ತ.

ಸಿಲಿಂಡರಿನೊಳಗೆ ಗಾಳಿ ಪೆಟ್ರೋಲು ಬಿಡುವ, ಹೊಗೆ ಹೊರಹಾಕುವ ವಾಲ್ವುಗಳ ವಿಷಯದಲ್ಲಿ ನಮ್ಮ ಕಿವಿ ನಮಗೆ ಮೋಸ ಮಾಡುತ್ತದೆ. ಟಿಕಟಿಕ ಸದ್ದು ಬಂದರೆ ನಾವು ಹೆದರುತ್ತೇವೆ, ಸದ್ದಿಲ್ಲದಿದ್ದರೆ ಸಂತೋಷಪಡುತ್ತೇವೆ. ಕ್ಯಾಮಿಗೂ ವಾಲ್ವಿನ ಮೇಲೆ ಕೂರುವ ಬಟ್ಟಲಿನಂಥ ಬಕೆಟ್ಟಿಗೂ ನಡುವೆ ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗದಷ್ಟು ಸಂದು ಇರಲೇಬೇಕು. ಈ ಬಗೆಯ ಎಂಜಿನ್‌ಗಳಲ್ಲಿ ಓಡಿದಂತೆಲ್ಲ ವಾಲ್ವು ತನ್ನ ಪೀಠದಲ್ಲಿ ತುಸುತುಸುವೇ ಒಳಗೆ ಕೂರುತ್ತ ಹೋಗುವುದರಿಂದ ಸಂದು ಹೆಚ್ಚುವುದಿಲ್ಲ, ಕಿರಿದಾಗುತ್ತದೆ, ಮತ್ತು ಸಂದು ಕಿರಿದಾದಷ್ಟೂ ಸದ್ದು ಕಡಿಮೆಯಾಗುತ್ತದೆ. ಕೊನೆಗೊಂದು ದಿನ ಸಂದೇ ಇಲ್ಲವಾದಾಗ ವಾಲ್ವು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಮುಚ್ಚಿದಾಗ ಪೀಠದ ಮೂಲಕ ಹರಿದುಹೋಗಬೇಕಾದ ಬಿಸಿ ವಾಲ್ವಿನಲ್ಲೇ ಉಳಿದು ಅದರ ಅಂಚು ಸುಡುತ್ತದೆ. ಆದ್ದರಿಂದ ಲಕ್ಷ ದಾಟಿದ ನಾಲ್ಕು ಸಿಲಿಂಡರ್ ಎಂಜಿನ್ ಬಹಳ ಮೌನವಾಗಿದ್ದರೆ ಅದನ್ನು ಮೆಚ್ಚುವ ಮೊದಲು ವಾಲ್ವ್ ಸಂದನ್ನು ಕೊನೆಯ ಬಾರಿ ಅಳೆದದ್ದು ಯಾವಾಗ ಎಂದು ಕೇಳಬೇಕು. ಆ ನೋಟ್‌ಬುಕ್ಕಿನಲ್ಲಿ ಉತ್ತರವಿತ್ತು: 43,000 ಮತ್ತು 87,000. ಬೈಕು ಸ್ಟಾರ್ಟ್ ಮಾಡಿದಾಗ ಹೊಲಿಗೆ ಯಂತ್ರದಂತೆ ಸಣ್ಣಗೆ ಸದ್ದು ಮಾಡುತ್ತಿತ್ತು. ಗೆಳೆಯ ತಲೆಯಾಡಿಸಿದ.

ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಎಂಜಿನ್ನಲ್ಲ. ಈ ಕಾಲದ ಟೂರಿಂಗ್ ಬೈಕುಗಳು ಸಾಯುವುದು ಎಂಜಿನ್ ಸವೆದಲ್ಲ ಎಂಬುದು ನನ್ನ ಅಭಿಪ್ರಾಯ. ಬ್ರೇಕು ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಳ್ಳುವ ಎಬಿಎಸ್‌ನ ಪಂಪು, ವಿಂಡ್‌ಶೀಲ್ಡ್ ಏರಿಸಿ ಇಳಿಸುವ ಮೋಟಾರು, ಮಂಕಾಗುವ ಡಿಸ್‌ಪ್ಲೇ, ಕೀಲಿಯಲ್ಲಿರುವ ಚಿಪ್ಪು, ಫೇರಿಂಗಿನೊಳಗೆ, ಅಂದರೆ ಗಾಡಿಯ ಹೊರಹೊದಿಕೆಯೊಳಗೆ, ಸುತ್ತಿ ಹೋಗುವ ವೈರಿಂಗು, ಇವುಗಳಲ್ಲಿ ಒಂದು ಕೈಕೊಟ್ಟು ಅದರ ಬಿಡಿಭಾಗವನ್ನು ಕಂಪನಿ ನಿಲ್ಲಿಸಿದ್ದರೆ, ಗಟ್ಟಿಮುಟ್ಟಾದ ಎಂಜಿನ್ ಹೊತ್ತ ಗಾಡಿ ಮೂಲೆ ಸೇರುತ್ತದೆ. ಪಿಸ್ಟನ್ ರಿಂಗು ಹೊಂದಿಸಿಕೊಡುವವರು ಸಿಗುತ್ತಾರೆ, ಹದಿನೈದು ವರ್ಷದ ಹಿಂದಿನ ಎಬಿಎಸ್ ಘಟಕ ಹೊಂದಿಸಿಕೊಡುವವರು ಸಿಗುವುದು ಕಷ್ಟ. ಇವುಗಳ ಆಯುಷ್ಯ ಕಿಲೋಮೀಟರನ್ನು ಕೇಳುವುದಿಲ್ಲ, ವರ್ಷಗಳನ್ನು, ಬಿಸಿಯನ್ನು, ತೇವವನ್ನು ಕೇಳುತ್ತದೆ. ಈ ವಿಷಯದಲ್ಲಿ ನನ್ನೆದುರಿಗಿದ್ದ ಎರಡೂ ಬೈಕುಗಳು ಸಮಾನ ವಯಸ್ಕರು. ಮೊದಲನೆಯದಕ್ಕೆ ಎರಡು ಪಟ್ಟು ಕೊಟ್ಟರೂ ಈ ಅಪಾಯ ಅರ್ಧವಾಗುತ್ತಿರಲಿಲ್ಲ. ಆ ಕ್ಷಣಕ್ಕೆ ನನ್ನ ಮನಸ್ಸು ಗಟ್ಟಿಯಾಯಿತು ಎಂದು ಈಗ ಅನ್ನಿಸುತ್ತದೆ. ಎರಡನೆಯ ಬೈಕನ್ನು ಕೊಂಡೆ. ಉಳಿದ ಹಣದಲ್ಲಿ ಒಂದು ಭಾಗವನ್ನು ರಿಪೇರಿಗೆಂದೇ ಬೇರೆ ಎತ್ತಿಟ್ಟೆ, ಮತ್ತು ಮೊದಲ ಎರಡು ತಿಂಗಳಲ್ಲಿ ಸ್ಟೀರಿಂಗ್ ಬೇರಿಂಗು, ಹಿಂದಿನ ಶಾಕ್, ಮುಂದಿನ ಡಿಸ್ಕುಗಳು, ಎಲ್ಲ ದ್ರವಗಳು ಹೊಸದಾದವು.

ಬೈಕಿನ ಜೊತೆ ನನಗೆ ಬಂದ ಆ ಪೆಟ್ರೋಲ್ ಲೆಕ್ಕದ ಪುಸ್ತಕ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದರಲ್ಲಿ ಬರೆಯದೆ ಉಳಿದದ್ದನ್ನೂ ಓದಬೇಕು ಎಂಬುದನ್ನು ನಾನು ತಡವಾಗಿ ಕಲಿತೆ. ಕೊಂಡ ನಾಲ್ಕನೆಯ ತಿಂಗಳು ಹಿಂದಿನ ಟೈರು ಬದಲಿಸಲು ಚಕ್ರ ಕಳಚಿದಾಗ ಶಾಫ್ಟಿನ ತುದಿಯಲ್ಲಿ ಚಕ್ರಕ್ಕೆ ಕಚ್ಚಿಕೊಳ್ಳುವ ಸ್ಪ್ಲೈನ್ ಹಲ್ಲುಗಳು ಒಣಗಿ, ಮೇಲೆ ಕೆಂಪು ತುಕ್ಕಿನ ಹುಡಿ ಕೂತಿತ್ತು. ಪುಸ್ತಕ ತೆರೆದು ಹಿಂದಕ್ಕೆ ಹುಡುಕಿದೆ. ಶಾಫ್ಟಿನ ಆಯಿಲ್ ಬದಲಿಸಿದ್ದು ಪ್ರತಿಸಲವೂ ದಾಖಲಾಗಿತ್ತು. ಸ್ಪ್ಲೈನಿಗೆ ಗ್ರೀಸು ಹಾಕಿದ ಟಿಪ್ಪಣಿ ಕೊನೆಯ 40,000 ಕಿಲೋಮೀಟರಿನಲ್ಲಿ ಎಲ್ಲೂ ಇರಲಿಲ್ಲ. ಆ ನಡುವೆ ಟೈರು ಮೂರು ಸಲ ಬದಲಾಗಿತ್ತು, ಮೂರು ಸಲವೂ ಚಕ್ರ ಬಿಚ್ಚಿದವರು ಗ್ರೀಸು ಮುಟ್ಟಿಸದೆ ಹಾಗೇ ಹಾಕಿ ಕಳಿಸಿದ್ದರು. ಹಲ್ಲುಗಳು ಇನ್ನೂ ಚೂಪಾಗಿರಲಿಲ್ಲ, ಅದೃಷ್ಟ. ತೊಳೆದು ಮಾಲಿಬ್ಡಿನಂ ಬೆರೆಸಿದ ಗ್ರೀಸು ಹಚ್ಚಿ ಕೂರಿಸಿದೆವು. ಶಾಫ್ಟು ಇದ್ದರೆ ಚಿಂತೆಯಿಲ್ಲ ಎಂಬ ಮಾತನ್ನು ನಾನು ಅಂದಿನಿಂದ ಅರ್ಧ ಮಾತ್ರ ನಂಬುತ್ತೇನೆ. ಚೈನು ತನ್ನ ಕೊರತೆಯನ್ನು ದಿನವೂ ಕಣ್ಣೆದುರು ತೋರಿಸುತ್ತದೆ, ಶಾಫ್ಟು ತೋರಿಸುವುದಿಲ್ಲ.

ದಾರಿಯಲ್ಲಿ ನಿಲ್ಲಿಸಿದ್ದು ಒಂದೇ ಸಲ, 1,21,000ದ ಹತ್ತಿರ. ಹ್ಯಾಂಡಲ್ ಪಕ್ಕ ಒಂದು ಪುಟ್ಟ ವೋಲ್ಟ್ ಮೀಟರ್ ಹಾಕಿಸಿಕೊಂಡಿದ್ದೆ. ಓಡುವಾಗ 14ರ ಆಸುಪಾಸಿನಲ್ಲಿ ನಿಲ್ಲಬೇಕಾದ ಅಂಕಿ ಮೂರನೆಯ ದಿನದ ಮಧ್ಯಾಹ್ನ 13ಕ್ಕೆ, ಆಮೇಲೆ 12.4ಕ್ಕೆ ಇಳಿಯಿತು; ಮೊದಲು ಎಬಿಎಸ್ ದೀಪ ಹತ್ತಿತು, ಆಮೇಲೆ ಡಿಸ್‌ಪ್ಲೇ ಮಂಕಾಯಿತು, ಇನ್ನು ಹತ್ತು ನಿಮಿಷಕ್ಕೆ ಎಂಜಿನ್ ಆರಿತು. ಸೀಟು ತೆಗೆದು ನೋಡಿದರೆ ವಿದ್ಯುತ್ ಉತ್ಪಾದಿಸುವ ಸ್ಟೇಟರಿನಿಂದ ಆ ವಿದ್ಯುತ್ತನ್ನು ಹದಗೊಳಿಸುವ ರೆಗ್ಯುಲೇಟರಿಗೆ ಹೋಗುವ ಕನೆಕ್ಟರು ಕರಗಿ ಕಪ್ಪಾಗಿತ್ತು. ಪಿನ್ನುಗಳಿಗೆ ಕಿಲುಬು ಹಿಡಿದರೆ ಅಲ್ಲಿ ಪ್ರತಿರೋಧ ಹೆಚ್ಚುತ್ತದೆ, ಪ್ರತಿರೋಧದಿಂದ ಬಿಸಿ, ಬಿಸಿಯಿಂದ ಇನ್ನಷ್ಟು ಪ್ರತಿರೋಧ. ರೆಗ್ಯುಲೇಟರೂ ಸತ್ತಿತ್ತು. ಆ ರಾತ್ರಿ ಬೈಕನ್ನು ಲಾರಿಯೊಂದರ ಮೇಲೆ ಹೇರಿಕೊಂಡು ಬಂದಾಗ, ಲಕ್ಷ ದಾಟಿದ ಬೈಕು ಬೇಡ ಎಂದು ಮೊದಲೇ ಹೇಳಿದ್ದವರಿಗೆಲ್ಲ ನಾನೊಂದು ಒಳ್ಳೆಯ ಉದಾಹರಣೆಯಾದೆ. ಈ ದೋಷ ಕಿಲೋಮೀಟರಿನದಲ್ಲ, ವಯಸ್ಸಿನದು, ಆ ಹೊಳೆಯುವ ಬೈಕಿನಲ್ಲೂ ಇದೇ ಕನೆಕ್ಟರು ಇದೆ ಎಂದು ಅವರಿಗೆ ವಿವರಿಸಲು ಎರಡು ಸಲ ಪ್ರಯತ್ನಪಟ್ಟು ಸುಮ್ಮನಾದೆ.

ಕೊಂಡು ಎರಡು ವರ್ಷವಾಯಿತು. ಮೀಟರು ಈಗ 1,34,000 ದಾಟಿದೆ. ಮೊನ್ನೆ ವಾಲ್ವ್ ಸಂದು ಅಳೆಯಿಸಿದಾಗ ಹದಿನಾರರಲ್ಲಿ ನಾಲ್ಕು ಬಿಗಿಯಾಗಿದ್ದವು, ನಾಲ್ಕೂ ಎಕ್ಸಾಸ್ಟ್ ಬದಿಯವು. ಸಂದನ್ನು ಹೊಂದಿಸುವ ಶಿಮ್ ಬಿಲ್ಲೆಗಳನ್ನು ಬದಲಿಸಿದ ಮೇಲೆ ಹೊಲಿಗೆ ಯಂತ್ರದ ಸದ್ದು ತುಸು ಜೋರಾಗಿದೆ. ವರ್ಷಕ್ಕೆ ನಾನು ಓಡಿಸುವುದು ಸುಮಾರು 9,000. ಈ ಲೆಕ್ಕದಲ್ಲಿ ಬೈಕು ಎರಡು ಲಕ್ಷ ಮುಟ್ಟಲು ಇನ್ನೂ ಏಳು ವರ್ಷ ಬೇಕು. ನನಗೀಗ ಐವತ್ತೈದು. ಇದು ಇನ್ನೆಷ್ಟು ಓಡೀತು ಎಂದು ಕೊಳ್ಳುವಾಗ ಎಲ್ಲರನ್ನೂ ಕೇಳಿದ್ದೆ. ನಾನು ಇನ್ನೆಷ್ಟು ಓಡಿಸಿಯೇನು ಎಂದು ಆಗ ಕೂಡಿಸಿ ನೋಡಿರಲಿಲ್ಲ. ನೋಡಿದ್ದರೆ, ಎಂಬತ್ತು ಸಾವಿರದಷ್ಟು ಕಿಲೋಮೀಟರಿಗಾಗಿ ನಾನು ಕೊಳ್ಳುತ್ತಿರುವುದು, ಅಷ್ಟನ್ನು ಇವೆರಡರಲ್ಲಿ ಯಾವುದು ಹೆಚ್ಚು ನೆಮ್ಮದಿಯಿಂದ ಓಡೀತು ಎಂಬುದಷ್ಟೇ ಪ್ರಶ್ನೆ ಎಂದು ತಿಳಿದು, ಅಷ್ಟು ರಾತ್ರಿ ನಿದ್ದೆಗೆಡುತ್ತಿರಲಿಲ್ಲ.

ಹಣ ಕೊಟ್ಟು ಕಾಗದಗಳಿಗೆ ಸಹಿ ಹಾಕಿದ ದಿನ ಹಳೆಯ ಒಡೆಯರು ನನಗೆ ಬೈಕನ್ನು ನಡುಸ್ಟ್ಯಾಂಡಿಗೆ ಏರಿಸುವುದನ್ನು ಹೇಳಿಕೊಟ್ಟರು. ನಾನು ಎರಡೂ ಕೈಯಿಂದ ಎಳೆದು ಎತ್ತಲು ಹೋಗಿ ಸೋತಿದ್ದೆ. “ಕೈಯಲ್ಲಿ ಎಳೀಬೇಡಿ, ಮೈಯ ಭಾರ ಪೂರ್ತಿ ಕಾಲಿಗೆ ಬಿಡಿ, ಅದೇ ಏರತ್ತೆ,” ಎಂದರು. ಸ್ಟ್ಯಾಂಡಿನ ಎರಡು ಕಾಲೂ ನೆಲಕ್ಕೆ ಸಮನಾಗಿ ತಾಗಿದ್ದನ್ನು ಗಮನಿಸಿ, ನೆಟ್ಟಗೆ ನಿಂತು, ಒಂದೇ ಪಾದದ ಮೇಲೆ ಏರಿ ನಿಲ್ಲುವವರ ಹಾಗೆ ಭಾರ ಹಾಕಿದಾಗ 290 ಕಿಲೋ ಹಿಂದಕ್ಕೆ ಸರಿದು ಎದ್ದು ನಿಂತಿತು. ಪೆಟ್ರೋಲ್ ಲೆಕ್ಕದ ಪುಸ್ತಕವನ್ನೂ ಅವರು ಕೊಟ್ಟರು, ಇನ್ನೂ ಇಪ್ಪತ್ತು ಹಾಳೆ ಖಾಲಿ ಇತ್ತು, ನಾನು ಅದರಲ್ಲೇ ಬರೆಯುತ್ತಿದ್ದೇನೆ. ಈ ಎರಡು ವರ್ಷವೂ ಬೈಕು ಮೊದಲ ಸಲಕ್ಕೇ ಸ್ಟ್ಯಾಂಡ್ ಏರುತ್ತಿತ್ತು. ಕಳೆದ ತಿಂಗಳು ಒಂದು ದಿನ ಮಾತ್ರ ಎರಡನೆಯ ಸಲ ಕಾಲೂರಬೇಕಾಯಿತು. ಅಂದಿನ ತಾರೀಕಿನ ಪಕ್ಕದಲ್ಲಿ, ಲೀಟರಿಗೆ 17.7 ಎಂದು ಬರೆದ ಮೇಲೆ, ಅದನ್ನೂ ಎರಡು ಪದದಲ್ಲಿ ಬರೆದಿಟ್ಟಿದ್ದೇನೆ.